ಒಂದು ಶಾಕ್ ಕೊಡಿ ಸರ್

ಬ್ಯಾಂಕ್ ಜನಾರ್ಧನ್, ಮುಖ್ಯಮಂತ್ರಿ ಚಂದ್ರು, ಶಂಖನಾದ ಅರವಿಂದ್, ಸಿಹಿಕಹಿ ಚಂದ್ರು, ಸಂಚಾರಿ ವಿಜಯ್. ನಮ್ಮ ಚಿತ್ರರಂಗದ ಈ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ ನೋಡಿ. ನಾಯಕ ನಟರಿಗೆ ಅಭಿಮಾನಿಗಳು ಬಿರುದು ಕೊಡುತ್ತಾರೆ. ಸಿಂಹ ಅಂತಲೋ, ಸ್ಟಾರ್ ಅಂತಲೋ. ಪೋಷಕ ನಟರಿಗೆ ಸಿಗುವುದು ವಿಳಾಸ. ಜನಾರ್ಧನ್ ಬ್ಯಾಂಕಿನಲ್ಲಿ ನೌಕರಿ ಮಾಡಿದವರು, ಅದು ಕೊನೆಯವರೆಗೂ ಅವರ ಹೆಸರಿಗೆ ಅಂಟಿಕೊಂಡಿತು. ಒಬ್ಬ ಚಂದ್ರು ಅವರಿಗೆ ಕಲಾಗಂಗೋತ್ರಿ ತಂಡದ ‘ಮುಖ್ಯಮಂತ್ರಿ’ ನಾಟಕ, ಇನ್ನೊಬ್ಬ ಚಂದ್ರು ಅವರಿಗೆ ದೂರದರ್ಶನದ ‘ಸಿಹಿಕಹಿ’ ಧಾರಾವಾಹಿ, ಅರವಿಂದ್ ಅವರಿಗೆ 1986ರ ‘ಶಂಖನಾದ’ ಸಿನಿಮಾ, ವಿಜಯ್ ಅವರಿಗೆ ತಾವು ಬೆಳೆದ ಸಂಚಾರಿ ಥಿಯೇಟರ್. ಮೊದಲು ಕೆಲಸ, ಅದರ ಬೆನ್ನಿಗೆ ಅಪ್ಪ ಅಮ್ಮ ಇಟ್ಟ ಹೆಸರು. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಜನ ಕರೆದರು, ಹಾಗೇ ಉಳಿಯಿತು.

ನನ್ನ ಹೆಸರಿನ ಹಿಂದೆ ಅಂಥದ್ದೇನೂ ಇಲ್ಲ. ಮುಖದ ಪರಿಚಯ ಬಹಳ ಜನಕ್ಕಿದೆ. ಹೆಸರು ಗೊತ್ತಿರುವುದು ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೆ ಮತ್ತು ಬೆಸ್ಕಾಂನವರಿಗೆ. ಸಿನಿಮಾಗಳಲ್ಲಿ ಇನ್‌ಸ್ಪೆಕ್ಟರ್, ಡಾಕ್ಟರ್, ಹುಡುಗಿಯ ಸೋದರಮಾವ. ಧಾರಾವಾಹಿಗಳಲ್ಲಿ ಮಾವ, ಮಾವ, ಮತ್ತೆ ಮಾವ. ಬನಶಂಕರಿ ಮೂರನೇ ಹಂತದಲ್ಲಿ ಬಾಡಿಗೆ ಮನೆ. ಕತ್ತರಿಗುಪ್ಪೆ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿದರೆ ಪಕ್ಕದ ಗಾಡಿಯವರು ಹೆಲ್ಮೆಟ್ಟಿನೊಳಗೆ ಇಣುಕಿ, “ನೀವು... ಅವರೇ ಅಲ್ವಾ?” ಅನ್ನುತ್ತಾರೆ. ನಾನು ಹೌದು ಅನ್ನುತ್ತೇನೆ. ಯಾರು ಅಂತ ಇಬ್ಬರಿಗೂ ಖಚಿತವಿರುವುದಿಲ್ಲ. ಅಷ್ಟರಲ್ಲಿ ಹಸಿರು ಬೀಳುತ್ತದೆ.

ನಟನೆಯ ಅಕ್ಷರಾಭ್ಯಾಸ ಆಗಿದ್ದು ಹನುಮಂತನಗರದ ಅಭಿನಯ ತರಂಗದಲ್ಲಿ. ಆಕಾಶವಾಣಿ ಈರಣ್ಣ ಎಂದೇ ಮನೆಮಾತಾಗಿದ್ದ ಎ.ಎಸ್. ಮೂರ್ತಿಯವರು ಕಟ್ಟಿದ ಭಾನುವಾರದ ನಾಟಕ ಶಾಲೆ ಅದು. ವಾರವಿಡೀ ಕಚೇರಿ, ಕಾಲೇಜು, ಗ್ಯಾರೇಜು ಅಂತ ಇದ್ದವರೆಲ್ಲ ಭಾನುವಾರ ಅಲ್ಲಿ ಸೇರುತ್ತಿದ್ದರು. ಮಾತು ಒಪ್ಪಿಸುವುದಕ್ಕೆ ಮೊದಲು ನೆಲ ಗುಡಿಸುವುದು, ಪರದೆ ಕಟ್ಟುವುದು, ಸಹನಟನ ಪಂಚೆಗೆ ಇಸ್ತ್ರಿ ಹಾಕುವುದು ಬರಬೇಕಿತ್ತು. ಸಿನಿಮಾ ಎಂಬ ಆಸೆ ಹುಟ್ಟಿದ್ದು ಮಾತ್ರ ಜಯನಗರದಲ್ಲಿ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಪುಟ್ಟಣ್ಣ ಕಣಗಾಲ್ ಚಿತ್ರಮಂದಿರ, ಆ ಕಡೆ ನಂದಾ, ಸೌತ್ ಎಂಡ್ ಸರ್ಕಲ್ಲಿನ ಹತ್ತಿರ ಶಾಂತಿ. ನಾವೆಲ್ಲ ಸೈಕಲ್ ತುಳಿದುಕೊಂಡು ಹೋಗಿ ಸಾಲಿನಲ್ಲಿ ನಿಂತ ಜಾಗಗಳು. ಪುಟ್ಟಣ್ಣ ಈಗ ಇಲ್ಲ, ನಂದಾ ಇಲ್ಲ. ಆದರೂ ಆಟೋದವರಿಗೆ ನಂದಾ ಟಾಕೀಸ್ ಅಂದರೆ ಇವತ್ತಿಗೂ ಸಾಕು, ಕರೆದುಕೊಂಡು ಹೋಗಿ ಬಿಡುತ್ತಾರೆ.

ಜನ ಗುರುತಿಸುವುದರ ಮೊದಲ ರುಚಿ ಸಿಕ್ಕಿದ್ದೂ ಅದೇ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ. ಆಗ ನಾನೊಂದು ಧಾರಾವಾಹಿಯಲ್ಲಿ ಕೆಟ್ಟ ಮಾವ. ಮನೆಗೆ ಬಂದ ಸೊಸೆಯನ್ನು ಹೊಸಿಲು ದಾಟಲು ಬಿಡದವನು. ಸೊಪ್ಪಿನ ಆಂಟಿ ಎಲ್ಲರಿಗೂ ಎರಡು ಎಳೆ ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಕೊಸರು ಹಾಕುವವರು, ನನಗೆ ಹಾಕಲಿಲ್ಲ. ಕೇಳಿದ್ದಕ್ಕೆ, “ಆ ಮಗೀನ ಬಾಗಿಲಲ್ಲೇ ನಿಲ್ಸಿದ್ದೀರಲ್ಲ ಸ್ವಾಮಿ, ನಿಮಗ್ಯಾತರ ಕೊಸರು?” ಅಂದರು. ನಗುತ್ತಲೇ ಅಂದರು, ಆದರೆ ಕೊಡಲಿಲ್ಲ. ಕಥೆಯಲ್ಲಿ ನನಗೆ ಬುದ್ಧಿ ಬಂದು, ಸೊಸೆಯ ಕೈಯಲ್ಲಿ ಕಾಫಿ ಕುಡಿಯುವ ಕಂತು ಪ್ರಸಾರವಾದ ಮೇಲೆ ಕೊಸರು ಮತ್ತೆ ಶುರುವಾಯಿತು. ನನಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ. ಆದರೆ ಒಂದು ಗಮನಿಸಿ. ಶಿಕ್ಷೆಯೂ ಆ ಮಾವನಿಗೆ, ಬಹುಮಾನವೂ ಆ ಮಾವನಿಗೆ. ಮಧ್ಯದಲ್ಲಿ ನಾನು ಚೀಲ ಹಿಡಿದುಕೊಂಡು ನಿಂತವನು ಮಾತ್ರ.

ಧಾರಾವಾಹಿ ಕೆಲಸ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ, ಸ್ವಲ್ಪ ಹೇಳುತ್ತೇನೆ. ಉತ್ತರಹಳ್ಳಿ, ಕೆಂಗೇರಿ ಕಡೆ ಶೂಟಿಂಗ್ ಮನೆಗಳಿವೆ. ದೊಡ್ಡ ಹಾಲ್, ಹಾಲಿನಲ್ಲೇ ಮೇಲೆ ಹತ್ತುವ ಮೆಟ್ಟಿಲು, ಎದುರಿಗೆ ಕಾಣುವ ಹಾಗೆ ದೇವರ ಮನೆ. ಬೆಳಿಗ್ಗೆ ಏಳಕ್ಕೆ ಕಾಲ್‌ಶೀಟ್. ಸೀನ್ ಪೇಪರ್ ಬರುವುದು ಮೇಕಪ್ ಹಾಕಿಸಿಕೊಳ್ಳುವಾಗ, ವಾಟ್ಸಾಪಿನಲ್ಲಿ. ಮಾತು ಬಾಯಿಪಾಠ ಮಾಡುವಷ್ಟು ಹೊತ್ತು ಇರುವುದಿಲ್ಲ. ಕ್ಯಾಮೆರಾ ಪಕ್ಕ ನಿಂತ ಅಸಿಸ್ಟೆಂಟ್ ಸಾಲು ಸಾಲಾಗಿ ಪ್ರಾಂಪ್ಟ್ ಮಾಡುತ್ತಾನೆ, ನಾವು ಹೇಳುತ್ತೇವೆ. ರಂಗಭೂಮಿಯಿಂದ ಬಂದವರಿಗೆ ಮೊದಮೊದಲು ಇದು ಅವಮಾನ ಅನ್ನಿಸುತ್ತದೆ. ಆಮೇಲೆ ಅದೂ ಒಂದು ವಿದ್ಯೆ ಅಂತ ಅರ್ಥವಾಗುತ್ತದೆ. ಒಂದು ಕಿವಿಯಲ್ಲಿ ಮುಂದಿನ ಸಾಲು ಕೇಳಿಸಿಕೊಳ್ಳುತ್ತ, ಬಾಯಲ್ಲಿ ಈಗಿನ ಸಾಲು ಹೇಳುತ್ತ, ಕಣ್ಣಲ್ಲಿ ಎದುರಿನವರ ಮಾತು ಈಗ ತಾನೇ ಕೇಳಿದ ಹಾಗೆ ಇರಬೇಕು. ಸುಮ್ಮನೆ ಮಾಡಿ ನೋಡಿ, ಗೊತ್ತಾಗುತ್ತದೆ.

ನನ್ನಂಥವರ ನಿಜವಾದ ಪರೀಕ್ಷೆ ಮಾತಿಲ್ಲದ ಕಡೆ. ಮನೆಯವರೆಲ್ಲ ಹಾಲಿನಲ್ಲಿ ಸಾಲಾಗಿ ನಿಂತಿರುತ್ತೇವೆ. ನಾಯಕಿ ಏನೋ ಒಂದು ಸತ್ಯ ಹೇಳುತ್ತಾಳೆ. ಆಮೇಲೆ ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಬರುತ್ತದೆ. ಡೈರೆಕ್ಟರು ಮಾನಿಟರ್ ಹಿಂದಿನಿಂದ, “ಮಾವನವರೇ, ಒಂದು ಶಾಕ್ ಕೊಡಿ ಸರ್” ಅನ್ನುತ್ತಾರೆ. ಕೊಡುತ್ತೇನೆ. “ಈಗ ಒಂದು ಡೌಟ್.” ಕೊಡುತ್ತೇನೆ. “ಒಂದು ಕೋಪ ಕೊಡಿ, ನುಂಗ್ಕೊಂಡಿರೋ ಥರ... ಹಾಂ. ಹಾಗೇ ಒಂದು ನ್ಯೂಟ್ರಲ್ ಕೊಟ್ಬಿಡಿ, ಎಡಿಟಿಂಗ್‌ಗೆ ಬೇಕಾಗತ್ತೆ.” ಯಾವುದಕ್ಕೆ ಶಾಕ್ ಆಗಿದ್ದೇನೆ ಅಂತ ಒಮ್ಮೊಮ್ಮೆ ನನಗೂ ಗೊತ್ತಿರುವುದಿಲ್ಲ, ಆ ಸೀನ್ ಇನ್ನೂ ಬರೆದಿರುವುದೇ ಇಲ್ಲ. ನಾನು ನೋಡುತ್ತಿರುವುದು ಸೊಸೆಯನ್ನಲ್ಲ. ಲೈಟ್ ಸ್ಟ್ಯಾಂಡಿಗೆ ಲೈಟ್ ಬಾಯ್ ನೇತುಹಾಕಿದ ಟವೆಲ್ಲನ್ನು.

ಶುರುವಿನಲ್ಲಿ ನಾನು ಶಾಕ್ ಅಂದರೆ ಕಣ್ಣು ಅಗಲಿಸುತ್ತಿದ್ದೆ. ನಾಟಕದಲ್ಲಿ ಕೊನೆಯ ಸಾಲಿನವರಿಗೂ ಕಾಣಬೇಕಲ್ಲ, ಆ ಅಭ್ಯಾಸ. ಜೊತೆಗೆ ಅತ್ತೆಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿಯೊಬ್ಬರು ಊಟದ ಬ್ರೇಕಿನಲ್ಲಿ ಕರೆದು, “ಕಣ್ಣು ಹಾಗೇ ಇರ್ಲಿ, ಉಸಿರು ಮಾತ್ರ ಅರ್ಧಕ್ಕೆ ಹಿಡೀರಿ. ಕ್ಯಾಮೆರಾ ಹತ್ರ ಇದೆ, ಅದಕ್ಕೆ ಅಷ್ಟು ಸಾಕು” ಅಂದರು. ಡೌಟಿಗೇನು ಮಾಡಲಿ ಅಂತ ಕೇಳಿದೆ. “ಹದಿನೇಳರ ಮಗ್ಗಿ ಹೇಳ್ಕೊಳಿ. ಹದಿನೇಳು ಏಳ್ಲೆ ಹೊತ್ತಿಗೆ ಮುಖದಲ್ಲಿ ತಾನಾಗೇ ಬರತ್ತೆ” ಅಂದರು. ಮಾಡಿದೆ. ಬಂತು. ಇವತ್ತಿಗೂ ನೀವು ಟೀವಿಯಲ್ಲಿ ನನ್ನ ಮುಖದ ಮೇಲೆ ಗಾಢವಾದ ಅನುಮಾನ ಕಂಡರೆ ನಾನು ನೂರಾ ಹತ್ತೊಂಬತ್ತರ ಹತ್ತಿರ ಇದ್ದೇನೆ ಅಂತ ತಿಳಿದುಕೊಳ್ಳಿ.

ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಆ ನಟಿಯ ಹೆಸರು ಪ್ರೋಮೋದಲ್ಲಿ ಬಂದಿದ್ದನ್ನು ನಾನು ನೋಡಿಲ್ಲ. ಆದರೆ ಅವರು ಫ್ರೇಮಿಗೆ ಬಂದರೆ ಎದುರಿಗಿದ್ದ ಹೊಸ ಹುಡುಗಿ ಕೂಡ ಚೆನ್ನಾಗಿ ಮಾಡುತ್ತಿದ್ದಳು. ಸೆಟ್ಟಿನಲ್ಲಿ ಇದ್ದವರಿಗೆಲ್ಲ ಅದು ಗೊತ್ತಿತ್ತು. ಗುರುವಾರ ಗುರುವಾರ ಬರುವ ಟಿಆರ್‌ಪಿ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ ಅಷ್ಟೆ.

ಪ್ರಸಿದ್ಧಿ ಬೇರೆ, ಕೆಲಸ ಬೇರೆ ಅಂತ ಎಲ್ಲರೂ ಹೇಳುತ್ತಾರೆ. ಅವೆರಡನ್ನೂ ಬಿಡಿಬಿಡಿಯಾಗಿ, ಒಂದಿಲ್ಲದೆ ಇನ್ನೊಂದನ್ನು ಉಂಡು ನೋಡುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಬಂತು.

ಆ ಮಾವನ ಟ್ರ್ಯಾಕ್ ಮುಗಿಯಿತು. ನಮ್ಮಲ್ಲಿ ಹಿರಿಯ ಪಾತ್ರಗಳನ್ನು ತೆಗೆಯುವುದಕ್ಕೆ ಎರಡು ದಾರಿ: ಕಾಶಿಯಾತ್ರೆ ಅಥವಾ ಹಾರ. ಕಾಶಿಗೆ ಹೋದವರು ವಾಪಸ್ ಬರುವ ಅವಕಾಶ ಇರುತ್ತದೆ. ನನಗೆ ಹಾರ ಹಾಕಿದರು. ಹಾಲಿನ ಗೋಡೆಯ ಮೇಲೆ ನನ್ನ ದೊಡ್ಡ ಫೋಟೋ, ಗಂಧದ ಹಾರ, ಕೆಂಪು ಬಲ್ಬು. ಧಾರಾವಾಹಿ ಓಡುತ್ತಲೇ ಇತ್ತು. ಸೊಸೆ ದಿನಾ ಬಂದು ಆ ಫೋಟೋ ಮುಂದೆ ನಿಂತು ಅಳುವಳು, ಕ್ಯಾಮೆರಾ ನನ್ನ ಮುಖಕ್ಕೆ ಝೂಮ್ ಆಗುವುದು. ವಾರದಲ್ಲಿ ಎಷ್ಟೋ ದಿನ ನಾನು ಪ್ರೈಮ್ ಟೈಮಿನಲ್ಲಿದ್ದೆ. ಬದುಕಿದ್ದಾಗಿನದಕ್ಕಿಂತ ಹೆಚ್ಚು ಕ್ಲೋಸಪ್ ಸಿಕ್ಕಿದ್ದು ಸತ್ತ ಮೇಲೆ. ಗಾಂಧಿ ಬಜಾರಿನಲ್ಲಿ ಹೆಂಗಸರು ನಿಲ್ಲಿಸಿ, “ಅಯ್ಯೋ, ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ, ಪಾಪ ಆ ಹುಡುಗಿ ಎಷ್ಟು ಅಳ್ತಾಳೆ” ಅನ್ನುತ್ತಿದ್ದರು. ಊರಿನಲ್ಲಿ ಅಮ್ಮ ಮಾತ್ರ ಆ ಚಾನೆಲ್ ಹಾಕುವುದನ್ನೇ ಬಿಟ್ಟರು. ಇಷ್ಟೆಲ್ಲ ಆಗುವಾಗ ನಾನು ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಫೋಟೋಗೆ ಪೇಮೆಂಟ್ ಇಲ್ಲ.

ಅದಾದ ಮೇಲೆ ಬಂದಿದ್ದು 2020ರ ಮಾರ್ಚ್. ಶೂಟಿಂಗೆಲ್ಲ ನಿಂತುಹೋಯಿತು. ದಿನಗೂಲಿಯ ಲೆಕ್ಕದಲ್ಲಿ ಬದುಕುವವರು ನಾವು, ಕ್ಯಾಮೆರಾ ನಿಂತರೆ ಒಲೆ ನಿಂತಂತೆ. ಚಾನೆಲ್‌ಗಳು ಹಿಂದಿಯ ‘ಮಹಾಭಾರತ’ದಂಥ ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಿಸಿ ಹಾಕತೊಡಗಿದವು. ಡಬ್ಬಿಂಗ್ ಬೇಕೋ ಬೇಡವೋ ಅಂತ ನಮ್ಮಲ್ಲಿ ದಶಕಗಳ ಕಾಲ ನಡೆದ ಜಗಳ ನಿಮಗೆಲ್ಲ ಗೊತ್ತೇ ಇದೆ. ಡಬ್ಬಿಂಗ್ ತಡೆಯಬಾರದೆಂದು 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೂ ಅದು ತಣ್ಣಗಾಗಿರಲಿಲ್ಲ. ಮೂಲ ಕನ್ನಡದ ಧಾರಾವಾಹಿಗಳ ಜಾಗಕ್ಕೆ ಅವು ಬಂದರೆ ಇಲ್ಲಿನ ಕಲಾವಿದರ, ತಂತ್ರಜ್ಞರ ಅನ್ನ ಹೋಗುತ್ತದೆ ಎಂಬ ಭಯದಲ್ಲಿ ಹುರುಳಿಲ್ಲ ಅಂತ ಈಗಲೂ ನಾನು ಹೇಳಲಾರೆ. ಆದರೆ ಆ ಹೊತ್ತಿನಲ್ಲಿ ಮೈಕಿನ ಮುಂದೆ ನಿಲ್ಲಲು ಕರೆ ಬಂತು, ಹೋದೆ. ಯಾರೋ ಉತ್ತರದ ನಟ, ನನಗಿಂತ ಎರಡು ಪಟ್ಟು ಮೈಕಟ್ಟಿನವನು. ಅವನ ತುಟಿ ಮುಚ್ಚುವ ಕಡೆ ನನ್ನ ಪ, ಬ, ಮ ಬೀಳಬೇಕು. ಹಿಂದಿಯ ವಾಕ್ಯ ಗಿಡ್ಡ, ನಮ್ಮದು ಉದ್ದ. ಅನುವಾದಕರು ಬರೆದುಕೊಟ್ಟಿದ್ದನ್ನು ಅಲ್ಲೇ ಕತ್ತರಿಸಿ, “ಹೋಗುತ್ತೇನೆ” ಅನ್ನುವುದನ್ನು “ಹೊರಟೆ” ಮಾಡಿ ಕೂರಿಸಬೇಕು. ಎ.ಎಸ್. ಮೂರ್ತಿಯವರ ಶಾಲೆಯಲ್ಲಿ ಕಲಿತ ಉಸಿರಿನ ಪಾಠ ಅಷ್ಟು ವರ್ಷಗಳ ನಂತರ ಪೂರ್ತಿಯಾಗಿ ಉಪಯೋಗಕ್ಕೆ ಬಂದಿದ್ದು ಆ ಕತ್ತಲೆ ಕೋಣೆಯಲ್ಲಿ. ಮುಖ ಯಾರದೋ, ಹೆಸರು ಎಲ್ಲೂ ಇಲ್ಲ. ಸೊಪ್ಪಿನ ಆಂಟಿಗೂ ಗೊತ್ತಾಗಲಿಲ್ಲ. ಮನೆಗೆ ಬಂದಾಗ ಮಾತ್ರ ದುಡಿದು ಬಂದ ಸುಸ್ತು ಇರುತ್ತಿತ್ತು. ರಾತ್ರಿ ಒಳ್ಳೇ ನಿದ್ದೆ ಬರುತ್ತಿತ್ತು.

ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದಾಗ ಆ ನಿದ್ದೆ ಇರಲಿಲ್ಲ. ಎರಡರಲ್ಲಿ ಯಾವುದು ಬೇಕು ಅಂತ ಅವತ್ತಿನಿಂದ ನನ್ನನ್ನು ಯಾರೂ ಕೇಳಬೇಕಾಗಿಲ್ಲ.

ನಾನು ಹೀಗೆ ಯೋಚಿಸುವುದರಲ್ಲಿ ನಮ್ಮ ಬೆಂಗಳೂರು ದಕ್ಷಿಣದ ಬಡಾವಣೆಗಳಿಗೂ ಪಾಲಿದೆ. ಇಲ್ಲಿ ನಟ ಅಂದರೆ ಅಂಥ ದೊಡ್ಡ ಸುದ್ದಿಯಲ್ಲ. ವಿಷ್ಣುವರ್ಧನ್ ಜಯನಗರದಲ್ಲಿದ್ದರು, ಅಂಬರೀಶ್ ಜೆ.ಪಿ. ನಗರದಲ್ಲಿ. ಸುದೀಪ್ ಅವರ ಹುಟ್ಟುಹಬ್ಬದ ದಿನ, ಸೆಪ್ಟೆಂಬರ್ 2ರಂದು, ಜೆ.ಪಿ. ನಗರದ ಅವರ ಮನೆಯ ರಸ್ತೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಾರನೇ ದಿನ ಅದೇ ರಸ್ತೆಯಲ್ಲಿ ಅಂಕಲ್‌ಗಳು ಹಾಲಿನ ಪ್ಯಾಕೆಟ್ ಹಿಡಿದು ವಾಕಿಂಗ್ ಹೋಗುತ್ತಿದ್ದರು, ಮನೆಯ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಹೀಗೆ ನೋಡದೆ ಹೋಗುವುದು ಇಲ್ಲಿನವರ ಮರ್ಯಾದೆ. ಹೊಸ ನಟರಿಗೆ ಇದು ಸ್ವಲ್ಪ ಕಸಿವಿಸಿಯಾಗಬಹುದು, ನನಗಂತೂ ಅನುಕೂಲವಾಯಿತು.

ದೊಡ್ಡವರ ಸಾವುಗಳನ್ನೂ ಇಲ್ಲಿ ಹತ್ತಿರದಿಂದ ಕಂಡಿದ್ದೇವೆ. 2009ರ ಡಿಸೆಂಬರ್ 30. ಮೈಸೂರಿನಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಜಯನಗರದ ಮನೆಗೆ ತಂದು, ಅಲ್ಲಿಂದ ನ್ಯಾಷನಲ್ ಕಾಲೇಜು ಮೈದಾನದಲ್ಲಿ ದರ್ಶನಕ್ಕಿಟ್ಟು, ಕೆಂಗೇರಿ ದಾರಿಯ ಅಭಿಮಾನ್ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ಮಾಡಿದರು. ಬಸವನಗುಡಿ, ಜಯನಗರದ ಅಂಗಡಿಗಳ ಷಟರೆಲ್ಲ ಇಳಿದಿದ್ದವು. ಗಿರೀಶ ಕಾರ್ನಾಡರೂ ಜೆ.ಪಿ. ನಗರದಲ್ಲಿ ವಾಸವಿದ್ದವರು. 2019ರ ಜೂನ್ 10ರಂದು ಅವರು ಹೋದಾಗ ಸಾರ್ವಜನಿಕ ದರ್ಶನವಿಲ್ಲ, ಸರ್ಕಾರಿ ಗೌರವವಿಲ್ಲ, ಹೂಮಾಲೆಯಿಲ್ಲ. ಅವರೇ ಬೇಡವೆಂದು ಮೊದಲೇ ಹೇಳಿಟ್ಟಿದ್ದರು. ಕಲ್ಪಳ್ಳಿ ಚಿತಾಗಾರದಲ್ಲಿ ಸದ್ದಿಲ್ಲದೆ ಮುಗಿಯಿತು. ಇವೆರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಅಂತ ನನಗನ್ನಿಸಿಲ್ಲ. ಜನ ತಮ್ಮ ನಾಯಕನನ್ನು ಕಳಿಸಿಕೊಡಲು ಬಂದರೆ ಬೇಡ ಅನ್ನಲು ನಾವ್ಯಾರು?

ಆದರೆ ಅಭಿಮಾನ್ ಸ್ಟುಡಿಯೋ ವಿಷಯ ಬಂದಾಗ ನನಗೆ ನೆನಪಾಗುವುದು ಇನ್ನೊಬ್ಬರು. ಆ ಸ್ಟುಡಿಯೋ ಕಟ್ಟಿದವರು ಟಿ.ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ. ಪೋಷಕ ನಟ, ಅದರ ಮೇಲೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು, ಎಲ್ಲರ ಮಾತನ್ನೂ ಮೊದಲೇ ಮನಸ್ಸಿಗೆ ತಂದುಕೊಂಡು, ತಮ್ಮ ಸರದಿ ಬಂದಾಗ ಕರಾರುವಾಕ್ಕಾಗಿ ಹೇಳುತ್ತಿದ್ದರು. ನಾನು ಪ್ರಾಂಪ್ಟಿಂಗ್ ಸರಿಯಾಗಿ ಕೇಳಿಸಲಿಲ್ಲ ಅಂತ ರೀಟೇಕ್ ಕೇಳುವಾಗಲೆಲ್ಲ ಅವರು ಕಣ್ಣ ಮುಂದೆ ಬರುತ್ತಾರೆ, ಮುಂದಿನ ಟೇಕಿಗೆ ಸುಮ್ಮನೆ ತಯಾರಾಗುತ್ತೇನೆ. ಕನ್ನಡ ಸಿನಿಮಾಗಳು ಹೆಚ್ಚಾಗಿ ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ನಮ್ಮೂರಲ್ಲೂ ಒಂದು ಸ್ಟುಡಿಯೋ ಇರಲಿ ಅಂತ ಸಾಲಸೋಲ ಮಾಡಿ ನಿಲ್ಲಿಸಿದರು. ಅದೇ ಜಾಗದಲ್ಲಿ ವಿಷ್ಣುವರ್ಧನ್ ಸಮಾಧಿಯಾಯಿತು. ಜಾಗದ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2023ರ ಜನವರಿಯಲ್ಲಿ ಸ್ಮಾರಕ ಮೈಸೂರಿನಲ್ಲಿ ಉದ್ಘಾಟನೆಯಾಯಿತು. 2025ರ ಆಗಸ್ಟಿನಲ್ಲಿ ಇಲ್ಲಿನ ಸಮಾಧಿಯನ್ನು ರಾತ್ರೋರಾತ್ರಿ ತೆರವು ಮಾಡಿದರು. ಅಷ್ಟು ದೊಡ್ಡ ಹೆಸರಿಗೇ ನಾಲ್ಕಡಿ ಜಾಗ ಖಾತ್ರಿಯಿಲ್ಲ. ಬಾಲಣ್ಣನ ನಟನೆಯನ್ನು ಮಾತ್ರ ಯಾವ ಹಳೇ ಚಿತ್ರ ಹಾಕಿದರೂ ನೋಡಬಹುದು.

ಸಂಚಾರಿ ವಿಜಯ್ ಬಗ್ಗೆ ಬರೆಯದೆ ಈ ಲೇಖನ ಮುಗಿಯುವುದಿಲ್ಲ. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಹುಡುಗ. ನಾಟಕದಿಂದ ಬಂದವರು, ಸಿನಿಮಾದಲ್ಲಿ ಸಣ್ಣ ಪಾತ್ರಗಳಿಂದ ಶುರು ಮಾಡಿ, ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ 2015ರಲ್ಲಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡ ಚಿತ್ರವೊಂದರ ನಟನಿಗೆ ಆ ಪ್ರಶಸ್ತಿ ಅದಕ್ಕೆ ಮೊದಲು ಬಂದಿದ್ದು ‘ಚೋಮನ ದುಡಿ’ಗೆ ಎಂ.ವಿ. ವಾಸುದೇವರಾಯರಿಗೆ, ‘ತಬರನ ಕಥೆ’ಗೆ ಚಾರುಹಾಸನ್ ಅವರಿಗೆ. ವಾಸುದೇವರಾಯರು ಚೋಮ ಆದ ಮೇಲೂ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತಲೇ ಇದ್ದರು ಅನ್ನುವುದು ನನ್ನಂಥವರಿಗೆ ದೊಡ್ಡ ಸಮಾಧಾನ. ವಿಜಯ್ ಕೂಡ ಪ್ರಶಸ್ತಿಯ ಮೇಲೆ ಕೂರಲಿಲ್ಲ. ‘ನಾತಿಚರಾಮಿ’, ‘ಆ್ಯಕ್ಟ್ 1978’ ಚಿತ್ರಗಳಲ್ಲಿ ಕಥೆಯ ಭಾರ ನಾಯಕಿಯ ಮೇಲಿತ್ತು. ಇವರು ಪಕ್ಕದಲ್ಲಿ ನಿಂತು ತಮ್ಮ ಪಾಲಿನದನ್ನು ಮಾಡಿದರು. ಕೋವಿಡ್ ಎರಡನೇ ಅಲೆಯಲ್ಲಿ ಗೆಳೆಯರ ಜೊತೆ ಆಮ್ಲಜನಕ, ಆಹಾರದ ಕಿಟ್ ಹಂಚಲು ಓಡಾಡಿದರು. 2021ರ ಜೂನ್ 12ರ ರಾತ್ರಿ ಜೆ.ಪಿ. ನಗರ ಏಳನೇ ಹಂತದಲ್ಲಿ ಬೈಕ್ ಅಪಘಾತ. ಉಳಿಯಲಿಲ್ಲ. ಮೂವತ್ತೇಳು ವರ್ಷ. ಮನೆಯವರು ಅಂಗಾಂಗ ದಾನ ಮಾಡಿದರು. ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆಯಾಯಿತು.

ಅವರ ಜೊತೆ ಕೆಲಸ ಮಾಡುವ ಅವಕಾಶ ನನಗೆ ಬರಲಿಲ್ಲ. ಆದರೆ ಏಳನೇ ಹಂತದ ಆ ಕಡೆಯ ರಸ್ತೆಗಳಲ್ಲಿ ಪ್ಯಾಕಪ್ ಆದ ಮೇಲೆ ರಾತ್ರಿ ಹೊತ್ತು ಗಾಡಿ ಓಡಿಸಿಕೊಂಡು ಬರುವವರಲ್ಲಿ ನಾನೂ ಒಬ್ಬ. ಅವತ್ತಿನಿಂದ ಅಲ್ಲಿ ವೇಗ ಕಡಿಮೆ ಮಾಡುತ್ತೇನೆ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ, ಯಾಕೆಂದರೆ ನಟರು ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಸಂದರ್ಶನದಲ್ಲಿ ಹೇಳುತ್ತಾರೆ. ನಮಗೆ ಸಂಬಳ ದಿನದ ಲೆಕ್ಕದಲ್ಲಿ. ಹತ್ತು ಪರ್ಸೆಂಟ್ ಟಿಡಿಎಸ್ ಮುರಿದುಕೊಂಡು, ಕೆಲಸ ಮಾಡಿದ ಎರಡು ಮೂರು ತಿಂಗಳಿಗೆ ಚೆಕ್ ಬರುತ್ತದೆ. ಮಗಳ ಫೀಸಿಗೆ ಕಾಲೇಜಿನವರು ಅಷ್ಟು ಕಾಯುವುದಿಲ್ಲ. ಒಮ್ಮೆ ಸಾಲಕ್ಕೆ ಅಂತ ಒಂದು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಎದ್ದು ನಿಂತು ಕೈಕುಲುಕಿದರು, ಮನೆಯವರಿಗೆ ವೀಡಿಯೊ ಕಾಲ್ ಮಾಡಿ ಮಾತಾಡಿಸಿದರು, ಕಾಫಿ ತರಿಸಿದರು. ಆಮೇಲೆ ಸ್ಯಾಲರಿ ಸ್ಲಿಪ್ ಕೇಳಿದರು. ಇಲ್ಲ ಅಂದೆ. ಫೈಲನ್ನು ಬಹಳ ಗೌರವದಿಂದ ವಾಪಸ್ ಕೊಟ್ಟರು. ಅದರಲ್ಲಿ ಅವರ ತಪ್ಪೇನೂ ಇಲ್ಲ, ನಿಯಮ ಹಾಗಿದೆ. ಸೆಲ್ಫಿಯನ್ನು ಅಡ ಇಟ್ಟುಕೊಳ್ಳುವ ಬ್ಯಾಂಕ್ ಇನ್ನೂ ಬಂದಿಲ್ಲ. ಅಲ್ಲಿಂದ ಈಚೆಗೆ ಆದಾಯ ತೆರಿಗೆ ರಿಟರ್ನ್ ಒಂದು ವರ್ಷವೂ ತಪ್ಪಿಸಿಲ್ಲ. ಕುಟುಂಬಕ್ಕೆ ಆರೋಗ್ಯ ವಿಮೆ ಮಾಡಿಸಿದೆ. ಕೆಲಸ ಒಪ್ಪಿಕೊಳ್ಳುವಾಗ ದರ, ದಿನ, ಪೇಮೆಂಟ್ ತಾರೀಖು ಮೂರನ್ನೂ ಮೆಸೇಜಿನಲ್ಲಿ ಬರೆಸಿಕೊಳ್ಳುತ್ತೇನೆ. “ಏನ್ ಸರ್, ನಮ್ಮ ಮೇಲೆ ನಂಬಿಕೆ ಇಲ್ವಾ?” ಅಂತ ಕೇಳುತ್ತಾರೆ. ನಂಬಿಕೆ ಇದೆ, ನೆನಪು ಕಮ್ಮಿ ಅನ್ನುತ್ತೇನೆ.

ಹೆಸರನ್ನು ಹೀಗೆ ಮೆಸೇಜಿನಲ್ಲಿ ಬರೆಸಿಕೊಳ್ಳಲಾಗುವುದಿಲ್ಲ. ಅದು ಜನರ ಹತ್ತಿರ ಇರುವ ವಸ್ತು. ಕೊಟ್ಟರೆ ತೆಗೆದುಕೊಳ್ಳಬಹುದು, ಕೇಳಲಾಗದು, ವಾಪಸ್ ಪಡೆದರೆ ದಾವೆ ಹೂಡಲಾಗದು. ಕೂಲಿ, ವೇಳೆ, ಊಟ, ಕೂರಲು ಒಂದು ಕುರ್ಚಿ ಇವನ್ನು ಕೇಳಬಹುದು. ಕೇಳಬಹುದಾದ್ದನ್ನು ಕೇಳುವುದು, ಕೇಳಲಾಗದ್ದಕ್ಕೆ ಕೈ ಚಾಚದಿರುವುದು ಎಂಬಲ್ಲಿಗೆ ಬಂದು ಮುಟ್ಟಲು ನನಗೆ ಅರ್ಧ ಆಯುಸ್ಸು ಹಿಡಿಯಿತು.

ಈಗಲೂ ಬಿಡುವಿದ್ದಾಗ ನಾನು ಹೋಗುವುದು ಜೆ.ಪಿ. ನಗರ ಎರಡನೇ ಹಂತದ ರಂಗಶಂಕರಕ್ಕೆ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತದಲ್ಲಿ ಹೋದಾಗ ಮೂವತ್ತೈದು ವರ್ಷ. ಅವರ ಕನಸಿನ ರಂಗಮಂದಿರವನ್ನು ಅರುಂಧತಿ ನಾಗ್ ಹತ್ತಾರು ವರ್ಷ ಓಡಾಡಿ, ದಾನಿಗಳನ್ನು ಕಂಡು, 2004ರ ಅಕ್ಟೋಬರಿನಲ್ಲಿ ತೆರೆದರು. ಸೋಮವಾರ ಬಿಟ್ಟು ಉಳಿದ ದಿನ ನಾಟಕ ಇರಬೇಕು ಅನ್ನುವುದು ಅಲ್ಲಿನ ಹಟ. 1980ರ ‘ಆಟೋ ರಾಜ’ ನೋಡಿರದ ಹುಡುಗರೂ ಆಟೋ ಹಿಂದೆ ಶಂಕರಣ್ಣನ ಚಿತ್ರ ಅಂಟಿಸಿಕೊಂಡು ಓಡಾಡುತ್ತಾರೆ. ಅದು ಹೆಸರಿನ ಭಾಗ್ಯ. ಸಂಜೆ ಏಳೂವರೆಗೆ ಗಂಟೆ ಬಾರಿಸಿ, ದೀಪ ಆರಿ, ಇವತ್ತಿನ ತಂಡದವರು ಇವತ್ತಿನ ನಾಟಕ ಶುರು ಮಾಡುವುದು ಇನ್ನೊಂದು. ನನಗೆ ಎರಡನೆಯದರ ಮೇಲೆ ಒಲವು ಹೆಚ್ಚು.

ಅಲ್ಲಿ ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಯಾರೇ ಆಗಲಿ. ಬಿಟಿಎಂ ಲೇಔಟಿನಿಂದ ಟ್ರಾಫಿಕ್ಕಿನಲ್ಲಿ ಬೆವರು ಸುರಿಸಿಕೊಂಡು ಬಂದ ಸಾಫ್ಟ್‌ವೇರ್ ಹುಡುಗನಿಗೂ, ಟೀವಿಯಲ್ಲಿ ದಿನಾ ಕಾಣುವ ಮುಖಕ್ಕೂ ಬಾಗಿಲ ಹತ್ತಿರ ನಿಂತ ಸ್ವಯಂಸೇವಕರು ಒಂದೇ ಉತ್ತರ ಕೊಡುತ್ತಾರೆ: “ಶುರುವಾಗಿದೆ ಸರ್.” ಹೀಗೆ ಹೊರಗುಳಿದ ಗುರುತಿನ ಮುಖಗಳು ಕ್ಯಾಂಟೀನಿನಲ್ಲಿ ಸಾಬೂದಾನಿ ವಡೆ ತಿನ್ನುತ್ತ ಕೂತಿದ್ದನ್ನು ನೋಡಿದ್ದೇನೆ. ಒಳಗೆ ಮುನ್ನೂರು ಚಿಲ್ಲರೆ ಜನ, ಮೊಬೈಲ್ ಆಫ್, ಮೈಕಿಲ್ಲದೆ ಮಾತಾಡುವ ನಟರು. ವೇದಿಕೆಯ ಮೇಲಿರುವವರಲ್ಲಿ ಅನೇಕರು ಬೆಳಿಗ್ಗೆ ಯಾವುದೋ ಸೆಟ್ಟಿನಲ್ಲಿ ಶಾಕ್ ಕೊಟ್ಟು ಬಂದಿರುತ್ತಾರೆ.

ನಟನಾಗಬೇಕು ಅಂತ ಹುಡುಗ ಹುಡುಗಿಯರು ಫೋನ್ ಮಾಡುತ್ತಿರುತ್ತಾರೆ. ಜಿಮ್ಮು, ಫೋಟೋಶೂಟು, ಫಾಲೋವರ್ಸ್ ಎಷ್ಟಿರಬೇಕು ಅಂತ ಕೇಳುತ್ತಾರೆ. ಕೆಲವು ಚಾನೆಲ್‌ಗಳು ಫಾಲೋವರ್ಸ್ ಲೆಕ್ಕ ಕೇಳುವುದು ನಿಜ, ಅದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಒಂದು ನಾಟಕ ತಂಡ ಸೇರಿಕೊಳ್ಳಿ, ಕನ್ನಡ ಗಟ್ಟಿಯಾಗಿ ಓದಿ, ಇನ್ನೊಂದು ಸಂಪಾದನೆಯ ದಾರಿ ಕೈಬಿಡಬೇಡಿ ಅನ್ನುತ್ತೇನೆ. ಅರ್ಧದಷ್ಟು ಜನ ಮತ್ತೆ ಫೋನ್ ಮಾಡುವುದಿಲ್ಲ.

ಧಾರಾವಾಹಿ, ಸಿನಿಮಾ ತಯಾರಿಸುವ ಸ್ನೇಹಿತರಲ್ಲಿ ನನ್ನದೊಂದು ವಿನಂತಿ ಇದೆ. ನಾಯಕ ನಾಯಕಿಯರಿಗೆ ನೀವು ಕಾರು ಕಳಿಸುತ್ತೀರಿ, ಕಳಿಸಬೇಕಾದ್ದೇ. ರಾತ್ರಿ ಒಂಬತ್ತು ದಾಟಿ ಪ್ಯಾಕಪ್ ಆದ ದಿನ ಜೂನಿಯರ್ ಆರ್ಟಿಸ್ಟುಗಳಿಗೆ, ಲೈಟಿನವರಿಗೆ, ಮೇಕಪ್ ಅಸಿಸ್ಟೆಂಟುಗಳಿಗೂ ಒಂದು ಗಾಡಿ ಮಾಡಿಕೊಡಿ. ಬನಶಂಕರಿ ಮೆಟ್ರೋ ಸ್ಟೇಷನ್ನಿನವರೆಗೆ ಬಿಟ್ಟರೂ ಸಾಕು, ಅಲ್ಲಿಂದ ಅವರು ಮನೆ ಸೇರಿಕೊಳ್ಳುತ್ತಾರೆ. ಮತ್ತೆ ಆ ಪೇಮೆಂಟನ್ನು ಒಂದು ತಿಂಗಳೊಳಗೆ ಹಾಕಿಬಿಡಿ.